ಹೊಸ ಗಣಕ ವೇದಿಕೆ: ಪ್ರೋಗ್ರಾಮಿಂಗ್ ಕಲಿಕೆಗೆ ಪುಸ್ತಕಗಳ ಆಯ್ಕೆ

ಸಗಟು ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಯ ಅನೇಕ ಸಂಸ್ಥೆಗಳ ಕಚೇರಿಯ ಮೂಲೆಯಲ್ಲಿ ಇಂದಿಗೂ ಒಂದು ಹಳೆಯ ಗಣಕಯಂತ್ರ ದುಡಿಯುತ್ತಿರುತ್ತದೆ. ಅದರಲ್ಲಿ ಫಾಕ್ಸ್‌ಪ್ರೊ ಅಥವಾ ವಿಷುಯಲ್ ಬೇಸಿಕ್ 6ರಲ್ಲಿ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶವಿರುತ್ತದೆ. ಬರೆದುಕೊಟ್ಟವರು ಬೇರೆ ಊರಿಗೋ ಬೇರೆ ಉದ್ಯೋಗಕ್ಕೋ ಹೋಗಿಬಿಟ್ಟಿರುತ್ತಾರೆ. ತೆರಿಗೆಯ ದರ ಬದಲಾದರೆ ತಿದ್ದುವವರಿಲ್ಲ. ಯಂತ್ರ ಕೆಟ್ಟರೆ ಅದೇ ತಂತ್ರಾಂಶವನ್ನು ಮತ್ತೊಂದರಲ್ಲಿ ಸ್ಥಾಪಿಸುವವರೂ ಇಲ್ಲ. ಇತ್ತ ಗೋದಾಮಿನ ಪ್ರತಿಯೊಬ್ಬ ನೌಕರನ ಜೇಬಿನಲ್ಲಿಯೂ ಆಂಡ್ರಾಯ್ಡ್ ಫೋನು ಬಂದು ಕುಳಿತಿದೆ. ಸರಕಿನ ಎಣಿಕೆ, ಆರ್ಡರು ಪಡೆಯುವುದು, ಡೆಲಿವರಿ ಚಲನ್ ಬರೆಯುವುದು ಇವನ್ನೆಲ್ಲ ಆ ಫೋನಿನಲ್ಲಿಯೇ ಏಕೆ ಮಾಡಬಾರದೆಂಬ ವಿಚಾರ ಮಾಲೀಕರಿಗೆ ಬರುವುದು ಸಹಜ. ಮನೆಯ ಮಗನೋ ಮಗಳೋ, ಇಲ್ಲವೇ ಲೆಕ್ಕ ಬರೆಯುವ ತರುಣ ಗುಮಾಸ್ತನೋ ತಾನೇ ಕಲಿತು ಬರೆಯುವುದಾಗಿ ಮುಂದೆ ಬರುತ್ತಾರೆ. ಬೇಕಾದ ಪುಸ್ತಕಗಳ ಪಟ್ಟಿಯೊಂದನ್ನು ಮೇಜಿನ ಮೇಲಿಡುತ್ತಾರೆ. ಮಾಲೀಕರು ಪಟ್ಟಿಯನ್ನು ಓದದೆಯೇ ವೋಚರಿಗೆ ಸಹಿ ಹಾಕುತ್ತಾರೆ.

ಲೇತ್ ಯಂತ್ರವೊಂದನ್ನು ಕೊಳ್ಳುವಾಗ ಮೂರು ಕೊಟೇಷನ್ ತರಿಸಿ, ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆಂದು ವಿಚಾರಿಸುವ ವರ್ತಕರು ಪುಸ್ತಕದ ವಿಷಯದಲ್ಲಿ ಈ ವಿವೇಚನೆಯನ್ನು ಬಿಟ್ಟುಬಿಡುವುದೇಕೆ? ಪುಸ್ತಕದ ಬೆಲೆ ಏಳುನೂರೋ ಎಂಟುನೂರೋ ರೂಪಾಯಿ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ನಿಜವಾದ ವೆಚ್ಚ ಬೇರೆಯೇ ಇದೆ. ಉದಾಹರಣೆಗೆ, ತಿಂಗಳಿಗೆ 20,000 ರೂಪಾಯಿ ಸಂಬಳದ ಗುಮಾಸ್ತನೊಬ್ಬ ತಿಂಗಳಲ್ಲಿ 26 ದಿನ, ದಿನಕ್ಕೆ 8 ಗಂಟೆ ಕೆಲಸ ಮಾಡುತ್ತಾನೆಂದು ಭಾವಿಸಿದರೆ ಆತನ ಒಂದು ಗಂಟೆಯ ಬೆಲೆ ಸುಮಾರು 96 ರೂಪಾಯಿ. ದಿನಕ್ಕೆ 2 ಗಂಟೆಯಂತೆ ಮೂರು ತಿಂಗಳು ಆತ ಪುಸ್ತಕವನ್ನು ಹಿಡಿದು ಕುಳಿತರೆ 156 ಗಂಟೆಗಳಾದವು. ಸಂಸ್ಥೆಗೆ ತಗುಲಿದ ವೆಚ್ಚ ಸುಮಾರು 15,000 ರೂಪಾಯಿ. ತಪ್ಪು ಪುಸ್ತಕವನ್ನು ಆರಿಸಿದಲ್ಲಿ ನಷ್ಟವಾಗುವುದು ಎಂಟುನೂರಲ್ಲ, ಈ ಹದಿನೈದು ಸಾವಿರ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ ಕಲಿಯುವವರ ಉತ್ಸಾಹ ಉಡುಗುವುದು. ಅದನ್ನು ಯಾವ ಖಾತೆಗೂ ಬರೆಯಲು ಬರುವುದಿಲ್ಲ.

ವೇದಿಕೆಯೆಂದರೇನು?

ಗಣಕ ವೇದಿಕೆ ಅಥವಾ ಪ್ಲಾಟ್‌ಫಾರ್ಮ್ ಎಂಬುದನ್ನು ವರ್ತಕರು ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹೋಲಿಸಿ ತಿಳಿಯಬಹುದು. ಮಳಿಗೆ ವರ್ತಕರದು, ಸರಕು ಅವರದು; ಆದರೆ ಗೇಟು, ತೂಕದ ಸೇತುವೆ, ಹರಾಜಿನ ವೇಳೆ, ಪರವಾನಗಿಯ ನಿಯಮ ಇವೆಲ್ಲ ಪ್ರಾಂಗಣದವರ ಅಧೀನ. ಅವರು ಗೇಟನ್ನು ಮತ್ತೊಂದು ಬದಿಗೆ ಬದಲಾಯಿಸಿದರೆ ಲಾರಿಗಳು ಆ ಬದಿಯಿಂದಲೇ ಬರಬೇಕು. ಆಂಡ್ರಾಯ್ಡ್, ವಿಂಡೋಸ್, ಐಫೋನ್ ಇವೆಲ್ಲ ಅಂತಹ ಪ್ರಾಂಗಣಗಳು. ಪ್ರೋಗ್ರಾಮ್ ಬರೆಯುವವರು ಮಳಿಗೆಯವರು. ಪ್ರಾಂಗಣದ ದಾರಿಗಳನ್ನು ವಿವರಿಸುವ ಪುಸ್ತಕವು ಗೇಟು ಬದಲಾದ ದಿನವೇ ಹಳೆಯದಾಗುತ್ತದೆ. ಸರಕಿನ ಗುಣವನ್ನು ಪರೀಕ್ಷಿಸುವುದು ಹೇಗೆಂದು ಕಲಿಸುವ ಪುಸ್ತಕ ಹಾಗೆ ಹಳೆಯದಾಗುವುದಿಲ್ಲ. ಪುಸ್ತಕದ ಆಯ್ಕೆಯಲ್ಲಿ ಮೊದಲು ಅರಿಯಬೇಕಾದ ಭೇದ ಇದೇ.

ಈ ಭೇದವನ್ನು ಕೆಲವು ನೈಜ ನಿದರ್ಶನಗಳಿಂದ ತಿಳಿಯುವುದು ಒಳಿತು. ವಿಷುಯಲ್ ಬೇಸಿಕ್ 6 ಬಿಡುಗಡೆಯಾದದ್ದು 1998ರಲ್ಲಿ. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಡಾಟ್‌ನೆಟ್ ವೇದಿಕೆಯನ್ನು ತಂದಾಗ ಹೆಸರು ವಿಷುಯಲ್ ಬೇಸಿಕ್ ಎಂದೇ ಉಳಿಯಿತಾದರೂ ಒಳಗಿನ ಭಾಷೆ ಬಹಳಷ್ಟು ಬದಲಾಯಿತು. ವ್ಯಾಪಾರಿಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಬದಲಾವಣೆಯನ್ನು ಇಲ್ಲಿ ಹೇಳಬೇಕು. ಹಳೆಯ ಭಾಷೆಯಲ್ಲಿ ಹಣದ ಮೊತ್ತಕ್ಕೆಂದೇ ಇದ್ದ ಕರೆನ್ಸಿ ಎಂಬ ಪ್ರಕಾರವು ಹೊಸದರಲ್ಲಿ ಇಲ್ಲವಾಗಿ, ಅದರ ಸ್ಥಾನದಲ್ಲಿ ಡೆಸಿಮಲ್ ಎಂಬುದನ್ನು ಬಳಸಬೇಕಾಯಿತು. 2001ರಲ್ಲಿ ಕೊಂಡ ದಪ್ಪ ಪುಸ್ತಕ ಮರುವರ್ಷವೇ ಹೊಸ ವೇದಿಕೆಗೆ ನಿರುಪಯೋಗಿಯಾಯಿತು. ಹಳೆಯ ಪ್ರೋಗ್ರಾಮ್ ಬರೆಯುವ ಸಾಧನಕ್ಕೆ ಸಂಸ್ಥೆಯ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು. ವಿಷುಯಲ್ ಫಾಕ್ಸ್‌ಪ್ರೊ ವಿಷಯದಲ್ಲಿ 2007ರ ಮಾರ್ಚ್‌ನಲ್ಲಿಯೇ, 9ನೆಯ ಆವೃತ್ತಿಯ ನಂತರ ಮತ್ತೊಂದು ಬರುವುದಿಲ್ಲವೆಂದು ಪ್ರಕಟಿಸಲಾಗಿತ್ತು. ಅದರ ಬೆಂಬಲ 2015ರ ಜನವರಿಯಲ್ಲಿ ಕೊನೆಗೊಂಡಿತು. ಆದರೂ ಫಾಕ್ಸ್‌ಪ್ರೊ ಬರೆದಿಟ್ಟ ಡಿ.ಬಿ.ಎಫ್. ಕಡತಗಳನ್ನು ಲಿಬ್ರೆಆಫೀಸ್‌ನಂತಹ ಉಚಿತ ತಂತ್ರಾಂಶದಲ್ಲಿ ಇಂದಿಗೂ ತೆರೆದು ಓದಬಹುದು. ಪ್ರಾಂಗಣ ಮುಚ್ಚಿತು, ಸರಕು ಉಳಿಯಿತು.

ಹೊಸದೆಂಬ ಒಂದೇ ಕಾರಣಕ್ಕೆ ಪುಸ್ತಕವನ್ನು ಕೊಳ್ಳುವವರಿಗೆ ಚಾರ್ಲ್ಸ್ ಪೆಟ್ಜೋಲ್ಡ್ ಅವರ 'ಪ್ರೋಗ್ರಾಮಿಂಗ್ ವಿಂಡೋಸ್' ಎಂಬ ಪ್ರಸಿದ್ಧ ಗ್ರಂಥದ ಕಥೆ ಉಪಯುಕ್ತ. ಅದರ ಪ್ರಥಮ ಆವೃತ್ತಿ 1988ರಲ್ಲಿ ಬಂದಿತು. ಐದನೆಯ ಆವೃತ್ತಿ 1998ರಲ್ಲಿ. ಆ ಐದನೆಯ ಆವೃತ್ತಿಯಲ್ಲಿ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಇಂದಿನ ವಿಂಡೋಸ್‌ನಲ್ಲಿಯೂ ನಡೆಯುತ್ತವೆ. 2013ರ ಆರನೆಯ ಆವೃತ್ತಿಯನ್ನು ಲೇಖಕರು ಆಗಷ್ಟೇ ಬಂದಿದ್ದ ವಿಂಡೋಸ್ 8ರ ಹೊಸ ಬಗೆಯ ಆ್ಯಪ್‌ಗಳಿಗೆಂದೇ ಬರೆದರು. ವಿಂಡೋಸ್ 8ರ ಬೆಂಬಲವು 2016ರ ಜನವರಿಯಲ್ಲಿಯೂ, 8.1ರ ಬೆಂಬಲವು 2023ರ ಜನವರಿಯಲ್ಲಿಯೂ ಮುಗಿದವು. ಲೇಖಕರು ಒಬ್ಬರೇ, ಶ್ರದ್ಧೆಯೂ ಒಂದೇ. ಆದರೆ ಹೊಸ ಪುಸ್ತಕವು ಹಳೆಯದಕ್ಕಿಂತ ಮೊದಲೇ ಮುದಿಯಾಯಿತು. ದೋಷ ಲೇಖಕರದಲ್ಲ, ಪ್ರಾಂಗಣದ್ದು.

ಆಂಡ್ರಾಯ್ಡ್ ಪುಸ್ತಕಗಳ ಆಯುಷ್ಯ

ಪ್ರಸ್ತುತ ಸಣ್ಣ ಸಂಸ್ಥೆಗಳಿಗೆ ಹೆಚ್ಚು ಪ್ರಯೋಜನಕಾರಿಯಾದ ಹೊಸ ವೇದಿಕೆ ಆಂಡ್ರಾಯ್ಡ್ ಆದುದರಿಂದ ಅದನ್ನೇ ವಿಸ್ತಾರವಾಗಿ ಪರಿಶೀಲಿಸಬಹುದು. 2008ರಲ್ಲಿ ಇದರ ಮೊದಲ ಆವೃತ್ತಿ ಬಂದಾಗ ಪ್ರೋಗ್ರಾಮುಗಳನ್ನು ಜಾವಾ ಭಾಷೆಯಲ್ಲಿ, ಎಕ್ಲಿಪ್ಸ್ ಎಂಬ ಸಾಧನದಲ್ಲಿ ಬರೆಯಲಾಗುತ್ತಿತ್ತು. 2014ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋದ ಮೊದಲ ಆವೃತ್ತಿ ಬಂದಿತು. 2015ರ ಅಂತ್ಯಕ್ಕೆ ಎಕ್ಲಿಪ್ಸ್‌ಗೆ ನೀಡುತ್ತಿದ್ದ ಬೆಂಬಲವನ್ನು ಗೂಗಲ್ ನಿಲ್ಲಿಸಿತು. 2017ರಲ್ಲಿ ಕೋಟ್ಲಿನ್ ಭಾಷೆಗೆ ಅಧಿಕೃತ ಮನ್ನಣೆ ದೊರೆಯಿತು. 2019ರಲ್ಲಿ ಅದಕ್ಕೇ ಪ್ರಥಮ ಸ್ಥಾನವೆಂದು ಘೋಷಿಸಲಾಯಿತು. ಹಿನ್ನೆಲೆಯಲ್ಲಿ ಕೆಲಸ ನಡೆಸಲು ಹಳೆಯ ಪುಸ್ತಕಗಳೆಲ್ಲ ಕಲಿಸುತ್ತಿದ್ದ ಅಸಿಂಕ್‌ಟಾಸ್ಕ್ ಎಂಬ ವಿಧಾನವನ್ನು 2020ರಲ್ಲಿ ಕೈಬಿಡಬೇಕಾದವುಗಳ ಸಾಲಿಗೆ ಸೇರಿಸಲಾಯಿತು. 2021ರ ಜುಲೈನಲ್ಲಿ ಪರದೆಯನ್ನು ರೂಪಿಸುವ ಕ್ರಮವನ್ನೇ ಬದಲಿಸುವ ಜೆಟ್‌ಪ್ಯಾಕ್ ಕಂಪೋಸ್ ಬಂದಿತು.

ಈ ಬದಲಾವಣೆಗಳ ಪೆಟ್ಟು ಪುಸ್ತಕಗಳಿಗೆ ಹೇಗೆ ಬಿದ್ದಿತೆಂಬುದನ್ನು ಬಿಗ್ ನರ್ಡ್ ರ‍್ಯಾಂಚ್ ಸಂಸ್ಥೆಯ 'ಆಂಡ್ರಾಯ್ಡ್ ಪ್ರೋಗ್ರಾಮಿಂಗ್' ಎಂಬ ಒಳ್ಳೆಯ ಪಠ್ಯದಲ್ಲಿಯೇ ಕಾಣಬಹುದು. 2013ರಲ್ಲಿ ಮೊದಲ ಆವೃತ್ತಿ, 2015ರಲ್ಲಿ ಎರಡನೆಯದು, 2017ರಲ್ಲಿ ಮೂರನೆಯದು, 2019ರಲ್ಲಿ ಕೋಟ್ಲಿನ್ ಭಾಷೆಗೆ ಪೂರ್ಣವಾಗಿ ಬದಲಾದ ನಾಲ್ಕನೆಯದು, 2022ರಲ್ಲಿ ಐದನೆಯದು. ಒಂಬತ್ತು ವರ್ಷಗಳಲ್ಲಿ ಐದು ಆವೃತ್ತಿ. ಇದಕ್ಕೆ ಪ್ರತಿಯಾಗಿ ಕೆರ್ನಿಘನ್ ಮತ್ತು ರಿಚ್ಚಿ ಅವರ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಗ್ರಂಥವು 1978ರಲ್ಲೊಮ್ಮೆ, 1988ರಲ್ಲೊಮ್ಮೆ ಹೀಗೆ ಎರಡೇ ಆವೃತ್ತಿಗಳನ್ನು ಕಂಡು ಇಂದಿಗೂ ಮಾರಾಟವಾಗುತ್ತಿದೆ. ಮೊದಲನೆಯದು ಅವಧಿ ಮೀರುವ ದಿನಾಂಕವುಳ್ಳ ಸರಕು. ಎರಡನೆಯದು ಸ್ಥಿರ ಆಸ್ತಿ. ಎರಡನ್ನೂ ಕೊಳ್ಳಬೇಕಾಗುತ್ತದೆ, ಆದರೆ ಒಂದೇ ದೃಷ್ಟಿಯಿಂದಲ್ಲ. ಔಷಧಿ ವ್ಯಾಪಾರಿಯು ಅವಧಿಯುಳ್ಳ ಸರಕನ್ನು ಬೇಕಾದಷ್ಟೇ, ಬೇಕಾದಾಗಲೇ ತರಿಸುವನು. ವೇದಿಕೆಯ ಪುಸ್ತಕವನ್ನೂ ಹಾಗೆಯೇ, ಓದಲು ಕುಳಿತುಕೊಳ್ಳುವ ವಾರದಲ್ಲಿ ಕೊಳ್ಳತಕ್ಕದ್ದು. ಮುಂದೆ ಬೇಕಾದೀತೆಂದು ಐದು ಪುಸ್ತಕಗಳನ್ನು ಒಮ್ಮೆಗೇ ತಂದು ಕಪಾಟಿನಲ್ಲಿಡುವುದು ಸತ್ತ ದಾಸ್ತಾನನ್ನು ಕಟ್ಟಿದಂತೆ.

ಯಾವ ಮೂರು?

ವ್ಯಾಪಾರದ ಉಪಯೋಗಕ್ಕೆ ಆ್ಯಪ್ ಬರೆಯಲು ಹೊರಟವರಿಗೆ ಭಾಷೆ, ವೇದಿಕೆ, ದತ್ತಾಂಶ ಎಂಬ ಮೂರು ವಿಷಯಗಳ ಮೇಲೆ ಒಂದೊಂದು ಪುಸ್ತಕ ಸಾಕು. ಬಹಳ ಮಂದಿ ಎರಡನೆಯದನ್ನು ಮಾತ್ರ ಕೊಂಡು, ಮೊದಲನೆಯದನ್ನು ಅದರಲ್ಲಿಯೇ ಕಲಿಯಲು ಯತ್ನಿಸಿ, ಮೂರನೆಯದನ್ನು ಮರೆತೇಬಿಡುತ್ತಾರೆ. ಸ್ವಂತ ತಂತ್ರಾಂಶದ ಪ್ರಯತ್ನಗಳು ಅರ್ಧಕ್ಕೆ ನಿಲ್ಲುವುದಕ್ಕೆ ಇದೊಂದು ಮುಖ್ಯ ಕಾರಣವೆಂದರೆ ತಪ್ಪಾಗದು.

ಭಾಷೆಯ ಪುಸ್ತಕವನ್ನು ಆರಿಸುವಾಗ ಕಲಿಯುವವರ ಹಿನ್ನೆಲೆಯನ್ನು ನೋಡಬೇಕು. 'ಕೋಟ್ಲಿನ್ ಇನ್ ಆ್ಯಕ್ಷನ್' ಉತ್ತಮ ಗ್ರಂಥವೆಂಬುದರಲ್ಲಿ ಸಂಶಯವಿಲ್ಲ. ಆದರೆ 2017ರ ಅದರ ಪ್ರಥಮ ಆವೃತ್ತಿಯು ಜಾವಾ ಬಲ್ಲವರಿಗೆಂದು ಬರೆದದ್ದು. ಎರಡನೆಯ ಆವೃತ್ತಿ 2024ರಲ್ಲಿ ಬಂದಿದೆ. ಬಿ.ಕಾಂ. ಓದಿ ಲೆಕ್ಕ ಬರೆಯುತ್ತಿರುವ, ಪ್ರೋಗ್ರಾಮಿನ ಗಂಧವಿಲ್ಲದ ತರುಣನಿಗೆ ಅದನ್ನು ಮೊದಲ ಪುಸ್ತಕವಾಗಿ ಕೊಟ್ಟರೆ, ಮಗ್ಗಿ ಬಾರದವನಿಗೆ ಚಕ್ರಬಡ್ಡಿಯ ಕೋಷ್ಟಕ ಕೊಟ್ಟಂತಾದೀತು. ಅಂಥವರಿಗೆ ಡಾನ್ ಗ್ರಿಫಿತ್ಸ್ ಹಾಗೂ ಡೇವಿಡ್ ಗ್ರಿಫಿತ್ಸ್ ಅವರ 'ಹೆಡ್ ಫಸ್ಟ್ ಕೋಟ್ಲಿನ್' ಹೆಚ್ಚು ಹಿಡಿಸೀತು. ಪುಟ ತುಂಬ ಚಿತ್ರ, ಬಾಣದ ಗುರುತು, ಪ್ರಶ್ನೋತ್ತರ ಇರುವ ಈ ಮಾಲೆಯ ಪುಸ್ತಕಗಳನ್ನು ಕಂಡು, ಇವು ಮಕ್ಕಳಾಟಿಕೆಯೆಂದು ಹಿರಿಯರು ಮೂಗು ಮುರಿಯುವುದುಂಟು. ಹೊಸಬರಿಗೆ ಆ ಚಿತ್ರಗಳೇ ದಾರಿದೀಪ. ಅದೇ ಲೇಖಕರ 'ಹೆಡ್ ಫಸ್ಟ್ ಆಂಡ್ರಾಯ್ಡ್ ಡೆವಲಪ್‌ಮೆಂಟ್' ವೇದಿಕೆಯ ಪುಸ್ತಕ. ಆದರೆ ಇಲ್ಲಿ ಎಚ್ಚರ ಅಗತ್ಯ. 2015ರ ಅದರ ಮೊದಲ ಆವೃತ್ತಿ ಜಾವಾ ಭಾಷೆಯಲ್ಲಿತ್ತು. 2021ರ ಮೂರನೆಯದು ಕೋಟ್ಲಿನ್‌ನಲ್ಲಿದೆ. ಹೆಸರು ಒಂದೇ ಆದುದರಿಂದ ಆವೃತ್ತಿಯ ಅಂಕಿಯನ್ನು ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಬೇರೆಯೇ ಪುಸ್ತಕ ಕೈಸೇರುವ ಸಂಭವವಿದೆ.

ಮೂರನೆಯದಾದ ದತ್ತಾಂಶದ ಪುಸ್ತಕವೇ ದೀರ್ಘಾಯು. ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸುವ ತತ್ತ್ವವನ್ನು ಇ.ಎಫ್. ಕಾಡ್ ಅವರು ಮಂಡಿಸಿದ್ದು 1970ರಲ್ಲಿ. ಆ ತತ್ತ್ವದ ಮೇಲೆ ನಿಂತ ಎಸ್.ಕ್ಯು.ಎಲ್. ಭಾಷೆಯನ್ನು ಕಲಿತವರ ವಿದ್ಯೆ ವೇದಿಕೆ ಬದಲಾದರೂ ಕೆಡುವುದಿಲ್ಲ. ಆಂಡ್ರಾಯ್ಡ್ ಫೋನಿನೊಳಗೆ ದತ್ತಾಂಶವನ್ನು ಕಾಯುವುದು ಎಸ್.ಕ್ಯು.ಲೈಟ್ ಎಂಬ ಪುಟ್ಟ ಡೇಟಾಬೇಸ್. 2000ದಲ್ಲಿ ಹುಟ್ಟಿದ ಇದನ್ನು 2050ರವರೆಗೆ ಬೆಂಬಲಿಸುವ ಸಂಕಲ್ಪವನ್ನು ಅದರ ನಿರ್ಮಾತೃಗಳು ಪ್ರಕಟಿಸಿದ್ದಾರೆ. ಗೂಗಲ್ 2017ರಲ್ಲಿ ಪರಿಚಯಿಸಿದ ರೂಮ್ ಎಂಬ ಸೌಕರ್ಯವೂ ಇದರ ಮೇಲಿನ ಹೊದಿಕೆಯೇ. ಅಲನ್ ಬ್ಯೂಲಿಯೂ ಅವರ 'ಲರ್ನಿಂಗ್ ಎಸ್.ಕ್ಯು.ಎಲ್.' 2020ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿದೆ; ವಾಣಿಜ್ಯ ಪದವೀಧರರಿಗೆ ಅದು ಕಷ್ಟವಾಗಲಾರದು. ವಾಸ್ತವವಾಗಿ ಖಾತೆ, ರೋಜುಕೀರ್ದಿ, ಉಪಖಾತೆಗಳ ಸಂಬಂಧವನ್ನು ಬಲ್ಲ ಗುಮಾಸ್ತನಿಗೆ ಕೋಷ್ಟಕಗಳ ಸಂಬಂಧವು ಇಂಜಿನಿಯರಿಂಗ್ ಪದವೀಧರನಿಗಿಂತ ಬೇಗ ಹೊಳೆಯುವುದೂ ಉಂಟು.

ಪದಸೂಚಿಯ ಪರೀಕ್ಷೆ

ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಮುಖಪುಟ ಹಾಗೂ ಹಿಂಬದಿಯ ಹೊಗಳಿಕೆಯನ್ನು ಓದಲಾಗುತ್ತದೆ. ಅವೆರಡೂ ಮಾರುವವರ ಮಾತು. ನೋಡಬೇಕಾದದ್ದು ಮುದ್ರಣ ವಿವರದ ಪುಟವನ್ನು. ಅಲ್ಲಿ ಮರುಮುದ್ರಣದ ವರ್ಷ ದಪ್ಪಕ್ಷರದಲ್ಲಿಯೂ ಆವೃತ್ತಿಯ ವರ್ಷ ಸಣ್ಣಕ್ಷರದಲ್ಲಿಯೂ ಇರುವುದುಂಟು. ಮರುಮುದ್ರಣವೆಂದರೆ ಹಳೆಯ ಸರಕಿಗೆ ಹೊಸ ಗೋಣಿಚೀಲ. ಒಳಗಿನ ವಿಷಯ ಬದಲಾಗಿರುವುದಿಲ್ಲ. ಆ ಬಳಿಕ ಪೀಠಿಕೆಯಲ್ಲಿ, ಆಂಡ್ರಾಯ್ಡ್ ಸ್ಟುಡಿಯೋದ ಯಾವ ಆವೃತ್ತಿಯನ್ನು ಬಳಸಲಾಗಿದೆ, ಓದುಗರಿಗೆ ಮೊದಲೇ ಏನೇನು ತಿಳಿದಿರಬೇಕು ಎಂಬ ಎರಡು ವಾಕ್ಯಗಳನ್ನು ಹುಡುಕತಕ್ಕದ್ದು. ಪ್ರಾಮಾಣಿಕ ಲೇಖಕರು ಇವೆರಡನ್ನೂ ಮರೆಮಾಚುವುದಿಲ್ಲ.

ಬಳಿಕ ಕೊನೆಯ ಪುಟಗಳಿಗೆ ಹೋಗಬೇಕು. ವ್ಯಾಪಾರಸ್ಥರ ದೃಷ್ಟಿಯಿಂದ ಪುಸ್ತಕದ ನಿಜವಾದ ಪರೀಕ್ಷೆ ನಡೆಯುವುದು ಪದಸೂಚಿಯಲ್ಲಿ. ಮೊದಲು ಹುಡುಕಬೇಕಾದ ಪದ ಬಿಗ್‌ಡೆಸಿಮಲ್. ಇದರ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಗಣಕವು ದಶಮಾಂಶವುಳ್ಳ ಸಂಖ್ಯೆಗಳನ್ನು ಸಾಮಾನ್ಯವಾಗಿ ಡಬಲ್ ಎಂಬ ಪ್ರಕಾರದಲ್ಲಿ, ಎರಡರ ಘಾತಗಳನ್ನು ಕೂಡಿಸಿ ಹಿಡಿದಿಡುತ್ತದೆ. ಆ ಪದ್ಧತಿಯಲ್ಲಿ 0.1 ಎಂಬ ಸರಳ ಸಂಖ್ಯೆಯೂ ನಿಖರವಾಗಿ ಹಿಡಿಯುವುದಿಲ್ಲ. ಕೋಟ್ಲಿನ್‌ನಲ್ಲಾಗಲಿ ಜಾವಾದಲ್ಲಾಗಲಿ 0.1ಕ್ಕೆ 0.2ನ್ನು ಕೂಡಿಸಿದರೆ ಬರುವ ಉತ್ತರ 0.30000000000000004. ಆಟದ ಆ್ಯಪ್ ಬರೆಯುವವರಿಗೆ ಇದರಿಂದ ಬಾಧೆಯಿಲ್ಲ. ಇನ್‌ವಾಯ್ಸ್ ಬರೆಯುವವರಿಗೆ ಇದೆ. ಜಿ.ಎಸ್.ಟಿ. ಕಾಯ್ದೆಯ 170ನೆಯ ಪ್ರಕರಣದಂತೆ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ಹೊಂದಿಸುವಾಗ 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಬಿಡುವುದು ನಿಯಮ. ಸರಿಯಾಗಿ 50 ಪೈಸೆಯಾಗಬೇಕಾದದ್ದು ಯಂತ್ರದೊಳಗೆ 49.9999 ಪೈಸೆಯಂತೆ ಉಳಿದುಬಿಟ್ಟರೆ ಒಂದು ರೂಪಾಯಿ ಕಾಣೆಯಾಗುತ್ತದೆ. ಒಂದು ರೂಪಾಯಿ ದೊಡ್ಡದಲ್ಲ. ಆದರೆ ಬಿಲ್ಲುಗಳ ಮೊತ್ತಕ್ಕೂ ಖಾತೆಯ ಮೊತ್ತಕ್ಕೂ ಹೊಂದಾಣಿಕೆ ತಪ್ಪಿದಾಗ ಅದನ್ನು ಹುಡುಕಲು ತಗಲುವ ರಾತ್ರಿಗಳೆಷ್ಟೆಂಬುದನ್ನು ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವವರು ಬಲ್ಲರು. ಹಣವನ್ನು ಬಿಗ್‌ಡೆಸಿಮಲ್‌ನಲ್ಲಿ ಇಡುವುದು, ಅಥವಾ ಎಲ್ಲವನ್ನೂ ಪೈಸೆಗೆ ಪರಿವರ್ತಿಸಿ ಪೂರ್ಣಾಂಕವಾಗಿ ಇಡುವುದು ಪರಿಹಾರ. ಎಸ್.ಕ್ಯು.ಲೈಟ್‌ನಲ್ಲಿ ದಶಮಾಂಶಕ್ಕೆಂದೇ ನಿಖರವಾದ ಪ್ರಕಾರವಿಲ್ಲದ ಕಾರಣ ಪೈಸೆಯ ಪೂರ್ಣಾಂಕವೇ ಅಲ್ಲಿ ಸುಲಭ. ಮೂರು ಪುಸ್ತಕಗಳ ಪೈಕಿ ಒಂದಾದರೂ ಈ ವಿಷಯವನ್ನು ಹೇಳಬೇಕು. ಬೆಲೆಯ ಉದಾಹರಣೆಗಳಲ್ಲೆಲ್ಲ ಡಬಲ್ ಪ್ರಕಾರವನ್ನೇ ಬಳಸಿ, ಎಚ್ಚರಿಕೆಯ ಒಂದು ಸಾಲನ್ನೂ ಬರೆಯದ ಪುಸ್ತಕವು ವರ್ತಕರಿಗಾಗಿ ಬರೆದದ್ದಲ್ಲ.

ಎರಡನೆಯ ಪದ ಟ್ರಾನ್ಸಾಕ್ಷನ್. ಬ್ಯಾಂಕಿನ ವ್ಯವಹಾರವೆಂದಲ್ಲ ಇದರ ಅರ್ಥ. ಪರಸ್ಪರ ಸಂಬಂಧವುಳ್ಳ ಎರಡು ನಮೂದುಗಳು ಒಂದೋ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬ ಡೇಟಾಬೇಸ್ ನಿಯಮ. ಗೋದಾಮಿನಿಂದ ಹತ್ತು ಪೆಟ್ಟಿಗೆ ಕಳೆದು ಮಳಿಗೆಗೆ ಕೂಡಿಸುವ ನಡುವೆ ಫೋನಿನ ಬ್ಯಾಟರಿ ಮುಗಿದರೆ ಆ ಹತ್ತು ಪೆಟ್ಟಿಗೆ ಎಲ್ಲಿಯೂ ಇಲ್ಲದಂತಾಗಬಾರದು. ಜೋಡಿ ನಮೂದು ಪದ್ಧತಿಯನ್ನು ಬಲ್ಲವರಿಗೆ ಇದರ ತಿರುಳನ್ನು ಹೇಳಿಕೊಡಬೇಕಾಗಿಲ್ಲ. ಮೂರನೆಯದು ಜೇಸನ್ ಎಂಬ ದತ್ತಾಂಶ ವಿನಿಮಯದ ಕ್ರಮ. 2023ರ ಆಗಸ್ಟ್ 1ರಿಂದ ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಅದರ ವಿವರಗಳು ಪೋರ್ಟಲ್‌ಗೆ ಹೋಗುವುದು ಈ ರೂಪದಲ್ಲಿಯೇ. ಕನ್ನಡದಲ್ಲಿ ರಸೀದಿ ಮುದ್ರಿಸಬೇಕೆಂಬ ಅಪೇಕ್ಷೆಯಿದ್ದವರು ಯುನಿಕೋಡ್ ಎಂಬುದನ್ನೂ ನೋಡಿಕೊಳ್ಳಬಹುದು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಯುನಿಕೋಡ್ ಅಲ್ಲದ ಸಂಕೇತದಲ್ಲಿ ತುಂಬಿಟ್ಟ ಗಿರಾಕಿಗಳ ಹೆಸರುಗಳು ಪರಿವರ್ತನೆ ಮಾಡದ ಹೊರತು ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ.

ಉಳಿದ ಪರೀಕ್ಷೆಗಳು ಸುಲಭ. ಪಾಠದಿಂದ ಪಾಠಕ್ಕೆ ಒಂದೇ ಆ್ಯಪ್ ಬೆಳೆಯುತ್ತಾ ಪೂರ್ಣಗೊಳ್ಳುವ ಪುಸ್ತಕವು, ಪಾಠಕ್ಕೊಂದು ತುಣುಕು ತೋರಿಸಿ ಬಿಡುವ ಪುಸ್ತಕಕ್ಕಿಂತ ಮೇಲು. ಪ್ರಕಾಶಕರು ತಪ್ಪೋಲೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸಬೇಕು. ತಪ್ಪೇ ಇಲ್ಲದ ಪುಸ್ತಕವಿಲ್ಲ, ತಿದ್ದುವವರಿಲ್ಲದ ಪುಸ್ತಕಗಳು ಬೇಕಾದಷ್ಟಿವೆ. 21 ದಿನ, 24 ಗಂಟೆ ಎಂಬ ಶೀರ್ಷಿಕೆಗಳ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಂತಹ ಶೀರ್ಷಿಕೆಗಳಿಗೆ ಉತ್ತರವಾಗಿಯೇ ಪೀಟರ್ ನಾರ್ವಿಗ್ ಎಂಬ ಗಣಕ ವಿಜ್ಞಾನಿ ಹತ್ತು ವರ್ಷಗಳಲ್ಲಿ ಪ್ರೋಗ್ರಾಮಿಂಗ್ ಕಲಿಯಿರಿ ಎಂಬರ್ಥದ ಪ್ರಬಂಧ ಬರೆದಿರುವರು. ಗೋದಾಮಿನ ಎಣಿಕೆಗೆ ಹತ್ತು ವರ್ಷ ಬೇಡ. ಆದರೆ 24 ಗಂಟೆಯೂ ಸಾಲದು.

ದಾಖಲೆಗಳ ಅವಧಿ ಹಾಗೂ ತಂತ್ರಾಂಶದ ಮಿತಿ

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಅತಿ ಮುಖ್ಯವಾದ ವಿಚಾರವೊಂದಿದೆ. ಜಿ.ಎಸ್.ಟಿ. ಕಾಯ್ದೆಯ 35ನೆಯ ಪ್ರಕರಣದಂತೆ ಇಡಬೇಕಾದ ಲೆಕ್ಕಗಳಲ್ಲಿ ಸರಕಿನ ದಾಸ್ತಾನೂ ಸೇರಿದೆ. 36ನೆಯ ಪ್ರಕರಣದಂತೆ ಅವುಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಯ್ದಿಡಬೇಕು. 2023-24ರ ವಾರ್ಷಿಕ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಎಂದರೆ 2023ರ ಏಪ್ರಿಲ್‌ನಲ್ಲಿ ಫೋನಿನಲ್ಲಿ ದಾಖಲಿಸಿದ ದಾಸ್ತಾನನ್ನು 2030ರ ಡಿಸೆಂಬರ್‌ವರೆಗೆ ಓದಲು ಸಾಧ್ಯವಿರಬೇಕು. ಏಳು ವರ್ಷಕ್ಕೂ ಮಿಕ್ಕಿದ ಕಾಲ. ಕಂಪನಿಗಳಾದರೆ ಕಂಪನಿ ಕಾಯ್ದೆಯಂತೆ ಎಂಟು ಹಣಕಾಸು ವರ್ಷ. ಇಷ್ಟೇ ಅವಧಿಯಲ್ಲಿ, 2013ರಿಂದ 2020ರೊಳಗೆ, ಮೇಲೆ ಹೇಳಿದ ಆಂಡ್ರಾಯ್ಡ್ ಪಠ್ಯವು ನಾಲ್ಕು ಆವೃತ್ತಿಗಳನ್ನು ಕಂಡಿತು. ಆದ್ದರಿಂದ ದತ್ತಾಂಶವನ್ನು ಫೋನಿನಿಂದ ಹೊರತೆಗೆದು ಸಿ.ಎಸ್.ವಿ.ಯಂತಹ ಸರಳ ಕಡತವಾಗಿ ಉಳಿಸುವುದನ್ನೂ, ನಕಲು ಪ್ರತಿಯನ್ನು ಬೇರೆಡೆ ಇಡುವುದನ್ನೂ ಕಲಿಸುವ ಪಾಠ ಪುಸ್ತಕದಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಬಣ್ಣದ ಪರದೆಗಳ ಪಾಠ ಹತ್ತಿದ್ದು ಬ್ಯಾಕಪ್‌ನ ಪಾಠ ಒಂದೂ ಇಲ್ಲದಿದ್ದರೆ ಅದು ಪ್ರದರ್ಶನಕ್ಕೆ ಮಾತ್ರ.

ಇದರೊಡನೆ ಒಂದು ನಿರ್ಬಂಧವನ್ನೂ ಹೇಳಬೇಕು. ಕಲಿಕೆಯ ಉತ್ಸಾಹದಲ್ಲಿ ಪೂರ್ಣ ಲೆಕ್ಕಪುಸ್ತಕವನ್ನೇ ಸ್ವಂತ ಆ್ಯಪ್‌ನಲ್ಲಿ ಬರೆಯುವ ಸಾಹಸ ಬೇಡ. 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸಬೇಕು, ಮತ್ತು ಆ ದಾಖಲೆಯನ್ನು ಯಾರೂ ನಿಷ್ಕ್ರಿಯಗೊಳಿಸಲು ಬರಬಾರದು. ಪ್ರೈವೇಟ್ ಲಿಮಿಟೆಡ್ ಆಗಿರುವ ಸಣ್ಣ ಕೈಗಾರಿಕೆಗಳಿಗೂ ಇದು ಅನ್ವಯಿಸುತ್ತದೆ. ಮೊದಲ ವರ್ಷದ ಕಲಿಕೆಯವರು ಇಂತಹ ತಂತ್ರಾಂಶವನ್ನು ಲೆಕ್ಕಪರಿಶೋಧಕರ ಪ್ರಶ್ನೆಗೆ ನಿಲ್ಲುವಂತೆ ಬರೆಯುವರೆಂದು ನಿರೀಕ್ಷಿಸುವುದು ಸರಿಯಲ್ಲ. ಲೆಕ್ಕವು ಸಿದ್ಧ ತಂತ್ರಾಂಶದಲ್ಲಿಯೇ ಇರಲಿ. ಎಣಿಕೆ, ಆರ್ಡರು, ಗೋದಾಮಿನ ಒಳಗಿನ ವರ್ಗಾವಣೆ ಇವು ಸ್ವಂತ ಆ್ಯಪ್‌ನಲ್ಲಿರಲಿ. ಈ ಮಿತಿಯನ್ನು ಹಾಕಿಕೊಂಡರೆ ಪುಸ್ತಕಗಳ ಪಟ್ಟಿಯೂ ಅರ್ಧಕ್ಕರ್ಧ ಇಳಿಯುತ್ತದೆ.

ಕೊಳ್ಳುವ ಕ್ರಮ

ಓರೈಲಿ ಸಂಸ್ಥೆಯ ಪುಸ್ತಕಗಳ ಭಾರತೀಯ ಮುದ್ರಣವನ್ನು ಮುಂಬಯಿಯ ಶ್ರಾಫ್ ಪಬ್ಲಿಷರ್ಸ್‌ನವರು ಹೊರತರುತ್ತಾರೆ. ವಿದೇಶಿ ಮುದ್ರಣಕ್ಕಿಂತ ಬೆಲೆ ಬಹಳ ಕಡಿಮೆ, ವಿಷಯ ಅದೇ. ಆದುದರಿಂದ ಮೊದಲು ಭಾರತೀಯ ಮುದ್ರಣವನ್ನು ವಿಚಾರಿಸುವುದು ಲಾಭಕರ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲು ವಿದ್ಯಾರ್ಥಿಗಳಿಗೆ ಚಿರಪರಿಚಿತ. ಎಸ್.ಕ್ಯು.ಎಲ್. ಅಥವಾ ಸಿ ಭಾಷೆಯ ಗ್ರಂಥಗಳನ್ನು ಅಲ್ಲಿ ಕಡಿಮೆ ದರಕ್ಕೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ವೇದಿಕೆಯ ಪುಸ್ತಕವನ್ನು ಹಳೆಯದಾಗಿ ಕೊಳ್ಳುವುದು ಉಳಿತಾಯವಲ್ಲ. ಟರ್ಬೊ ಸಿ ಎಂಬ ಡಾಸ್ ಕಾಲದ ಸಾಧನವನ್ನು ಬಳಸುವ ಪಠ್ಯಗಳನ್ನೂ ಬಿಡುವುದು ಲೇಸು.

ಮುದ್ರಿತ ಪುಸ್ತಕಗಳ ಮೇಲೆ ಜಿ.ಎಸ್.ಟಿ. ಇಲ್ಲ, ಆದ್ದರಿಂದ ಹೂಡುವಳಿ ತೆರಿಗೆ ಜಮೆಯ ಪ್ರಶ್ನೆಯೂ ಏಳುವುದಿಲ್ಲ. ಮುದ್ರಿತ ರೂಪವೂ ಇರುವ ಇ-ಪುಸ್ತಕಕ್ಕೆ 2018ರ ಜುಲೈನಿಂದ ದರ ಶೇಕಡ 5. ಸಂಸ್ಥೆಯ ಹೆಸರು ಹಾಗೂ ಜಿ.ಎಸ್.ಟಿ. ಸಂಖ್ಯೆಯನ್ನು ಕೊಟ್ಟು ಬಿಲ್ಲು ಪಡೆಯುವುದು ಕ್ರಮ. ನೌಕರನ ಸ್ವಂತ ಖಾತೆಯಲ್ಲಿ ಕೊಂಡು ಬಳಿಕ ಹಣ ಮರಳಿಸಿದರೆ ಪುಸ್ತಕ ಯಾರದೆಂಬ ವಾದಕ್ಕೆ ಎಡೆಯಾಗುತ್ತದೆ. ಇ-ಪುಸ್ತಕಕ್ಕೆ ಇನ್ನೊಂದು ಅನುಕೂಲವೂ ಉಂಟು. ಮಾರಾಟದ ತಾಣಗಳಲ್ಲಿ ಅನೇಕ ವೇಳೆ ಆರಂಭದ ಪುಟಗಳನ್ನು ಉಚಿತವಾಗಿ ಓದಲು ಕೊಡುತ್ತಾರೆ. ಕಲಿಯುವವರು ಆ ಪುಟಗಳನ್ನು ಓದಿ, ಅದರಲ್ಲಿನ ಮೊದಲ ಉದಾಹರಣೆಯನ್ನು ತಮ್ಮ ಯಂತ್ರದಲ್ಲಿ ಟೈಪು ಮಾಡಿ, ಅದು ನಡೆಯುತ್ತದೆಯೇ ಎಂದು ನೋಡಿದ ಮೇಲೆಯೇ ಮಾಲೀಕರು ಹಣ ಕೊಟ್ಟರೆ ಸಾಕು. ಹೊಸ ವೇದಿಕೆಗಳ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಭಾಷೆ ಹಿಡಿಸುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಆಂಡ್ರಾಯ್ಡ್ ಬಗ್ಗೆ ಗೂಗಲ್ ಸಂಸ್ಥೆಯೇ ಕಂಪೋಸ್ ಆಧಾರಿತ ಆರಂಭಿಕ ಪಾಠಮಾಲೆಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿರುವಾಗ ಪುಸ್ತಕವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೇಟು ಬದಲಾದಾಗ ಅಲ್ಲಿನ ಪಾಠ ಬೇಗ ತಿದ್ದಲ್ಪಡುವುದರಿಂದ ವೇದಿಕೆಯ ಭಾಗಕ್ಕೆ ಪುಸ್ತಕವನ್ನು ಬಿಟ್ಟು ಅದನ್ನೇ ಅವಲಂಬಿಸಿದರೂ ನಷ್ಟವಿಲ್ಲ. ಹಾಗೆ ಮಾಡಿದಲ್ಲಿ ಕೊಳ್ಳಬೇಕಾದವು ಎರಡೇ: ಭಾಷೆಯದು ಮತ್ತು ದತ್ತಾಂಶದ್ದು. ಮೊದಲ ತಿಂಗಳು ಭಾಷೆಯ ಪುಸ್ತಕವೊಂದನ್ನೇ ತರಿಸಿ, ಅದರ ಅಭ್ಯಾಸಗಳನ್ನು ಮಾಡಿದ ನೋಟ್‌ಬುಕ್ಕನ್ನು ನೋಡಿ, ಆಮೇಲೆ ಎರಡನೆಯದಕ್ಕೆ ವೋಚರು ಬರೆಯಬಹುದು. ಅಭ್ಯಾಸದ ನೋಟ್‌ಬುಕ್ ಖಾಲಿಯಿದ್ದರೆ ಎರಡನೆಯ ವೋಚರಿನ ಅಗತ್ಯ ಬೀಳುವುದಿಲ್ಲ.

ಕೊಂಡ ಪುಸ್ತಕಗಳನ್ನು ಸಂಸ್ಥೆಯ ರಿಜಿಸ್ಟರಿನಲ್ಲಿ ಹೆಸರು, ಆವೃತ್ತಿ, ಕೊಂಡ ದಿನಾಂಕ, ಯಾರ ವಶದಲ್ಲಿದೆ ಎಂಬ ವಿವರಗಳೊಡನೆ ನಮೂದಿಸಬೇಕು. ಬರೆದ ಆ್ಯಪ್‌ನ ಮೂಲ ಪ್ರತಿ, ಕೋಷ್ಟಕಗಳ ಹೆಸರು ಹಾಗೂ ಅರ್ಥವನ್ನು ವಿವರಿಸುವ ಎರಡು ಪುಟಗಳ ಟಿಪ್ಪಣಿ, ಯಾವ ಪುಸ್ತಕದ ಯಾವ ಪಾಠವನ್ನು ಅನುಸರಿಸಲಾಗಿದೆ ಎಂಬ ಉಲ್ಲೇಖ ಇವೂ ಅದೇ ಕಪಾಟಿನಲ್ಲಿ ಇರತಕ್ಕದ್ದು. ನೌಕರನು ಕೆಲಸ ಬಿಡುವ ದಿನ ಬೀಗದ ಕೈಗಳೊಡನೆ ಇವುಗಳನ್ನೂ ಎಣಿಸಿ ಪಡೆದುಕೊಂಡರೆ, ಮುಂದೆ ಬರುವವರು ಅದೇ ಪುಸ್ತಕದ ಅದೇ ಪುಟದಿಂದ ಕೆಲಸವನ್ನು ಮುಂದುವರಿಸಬಹುದು.